ನಮ್ಮ ಕೊಡಗು ಜಿಲ್ಲೆಯ ಜನಸಾಮಾನ್ಯರಿಗೆ ಪ್ರಪಂಚದ ಭೂಗೋಳ ಎಷ್ಟು ಗೊತ್ತಿದೆ?

ನಿವೃತ್ತ ಶಿಕ್ಷಕಿ, ವಿರಾಜಪೇಟೆ

ಅಮೆರಿಕದಲ್ಲಿ 18ರಿಂದ 24 ವರ್ಷದವರ ಭೂಗೋಳ ಜ್ಞಾನವನ್ನು ಅಳೆಯಲು ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆ 2006ರಲ್ಲಿ ಮಾಡಿಸಿದ ಸಮೀಕ್ಷೆಯ ವಿಷಯ ನಿಮ್ಮಲ್ಲಿ ಹಲವರಿಗೆ ತಿಳಿದಿರಬಹುದು. ಅಷ್ಟು ಹೊತ್ತಿಗೆ ಅವರ ಸೈನ್ಯ ಇರಾಕಿಗೆ ನುಗ್ಗಿ ಮೂರು ವರ್ಷವಾಗಿತ್ತು, ಅಫ್ಘಾನಿಸ್ತಾನಕ್ಕೆ ಹೋಗಿ ಇನ್ನೂ ಹೆಚ್ಚಾಗಿತ್ತು. ಆದರೂ ನೂರರಲ್ಲಿ 63 ಮಂದಿಗೆ ನಕ್ಷೆಯಲ್ಲಿ ಇರಾಕನ್ನು ತೋರಿಸಲಾಗಲಿಲ್ಲ, 88 ಮಂದಿಗೆ ಅಫ್ಘಾನಿಸ್ತಾನವನ್ನು ತೋರಿಸಲಾಗಲಿಲ್ಲ. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದು ನಗು ಏಳುತ್ತದೆ. ನನಗೆ ಆ ನಗುವಿನಲ್ಲಿ ಪಾಲುಗೊಳ್ಳಲು ಧೈರ್ಯ ಸಾಲದು. ಏಕೆಂದರೆ ಅದೇ ಹೊರರೇಖೆಯ ನಕ್ಷೆಯನ್ನು ನಮ್ಮ ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಹಂಚಿದರೆ ಏನಾಗುತ್ತದೆ ಎಂಬುದು ಯಾರೂ ಪರೀಕ್ಷಿಸದೆ ಉಳಿದ ಪ್ರಶ್ನೆ.

ಒಂದು ದೃಷ್ಟಿಯಿಂದ ನೋಡಿದರೆ ಕೊಡಗಿನಷ್ಟು ಹೊರಜಗತ್ತಿನ ನಂಟು ಇರುವ ಗುಡ್ಡಗಾಡು ಜಿಲ್ಲೆ ಅಪರೂಪ. ಕಾಫಿ ಇಟಲಿಗೆ ಹೋಗುತ್ತದೆ, ಅದರ ಬೆಲೆ ಲಂಡನ್ನಿನಿಂದ ಬರುತ್ತದೆ, ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಾರೆ, ಪ್ರತಿ ಊರಿನಲ್ಲಿಯೂ ಸೈನ್ಯದಿಂದ ನಿವೃತ್ತರಾದವರು ಇದ್ದಾರೆ, ಕಾವೇರಿ ದಾಟಿದರೆ ಟಿಬೆಟಿನವರ ಊರು ಸಿಗುತ್ತದೆ. ಇಷ್ಟೆಲ್ಲ ಇದ್ದ ಮೇಲೆ ನಮ್ಮವರಿಗೆ ಪ್ರಪಂಚ ಗೊತ್ತಿರಬೇಕಲ್ಲವೇ? ದೇಶಗಳ ಹೆಸರು ಧಾರಾಳವಾಗಿ ಗೊತ್ತಿದೆ, ಆದರೆ ಒಂದು ದೇಶಕ್ಕೂ ಇನ್ನೊಂದು ದೇಶಕ್ಕೂ ನಡುವೆ ಏನಿದೆ, ಎಷ್ಟು ದೂರವಿದೆ, ಯಾವುದು ಯಾವ ದಿಕ್ಕಿಗಿದೆ ಎಂಬುದು ಗೊತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಬದುಕಿನ ದಾರಿ ಎಲ್ಲಿಗೆ ಕರೆದೊಯ್ದಿದೆಯೋ ಅಲ್ಲಿಯವರೆಗೆ ಬೆಳಕಿದೆ, ದಾರಿಯ ಎರಡೂ ಬದಿ ಕತ್ತಲೆ. ಇದು ಸರಿಯೋ ತಪ್ಪೋ, ಮತ್ತು ಸರಿಯಾದರೆ ಅದರಿಂದ ನಷ್ಟವೇನಾದರೂ ಉಂಟೋ ಎಂಬುದನ್ನು ಸದಸ್ಯರು ತಮ್ಮ ತಮ್ಮ ಅನುಭವದಿಂದ ಹೇಳಬೇಕೆಂದು ಕೋರುತ್ತೇನೆ.

ತೋಟಗಾರ, ಸುಂಟಿಕೊಪ್ಪ

ಟೀಚರ್, ಬೆಳೆಗಾರರ ಮಟ್ಟಿಗೆ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಕಾಫಿ ಬೆಳೆಯುವವನಿಗೆ ಭೂಗೋಳ ಬೆಲೆಯ ರೂಪದಲ್ಲಿ ಬರುತ್ತದೆ. 1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಇಬ್ಬನಿ ಹೆಪ್ಪುಗಟ್ಟುವಂಥ ಹಿಮ ಬಿದ್ದು ತೋಟಗಳು ಸುಟ್ಟಂತೆ ಕರಕಲಾದುದನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಆದರೆ ಆಗ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಕೊಡಬೇಕಾಗಿದ್ದುದರಿಂದ ಬ್ರೆಜಿಲ್‌ನ ಹಿಮ ನಮ್ಮ ಮನೆಯವರೆಗೆ ನೇರವಾಗಿ ತಲುಪುತ್ತಿರಲಿಲ್ಲ. 1990ರ ದಶಕದಲ್ಲಿ ಮುಕ್ತ ಮಾರಾಟಕ್ಕೆ ಅವಕಾಶ ದೊರೆತ ಮೇಲೆ ಪ್ರತಿಯೊಬ್ಬ ಬೆಳೆಗಾರನೂ ತನ್ನ ಚೀಲವನ್ನು ಯಾವಾಗ ಕೊಡಬೇಕೆಂದು ತಾನೇ ತೀರ್ಮಾನಿಸಬೇಕಾಯಿತು. ಅಂದಿನಿಂದ ಕಾಫಿಯ ಎರಡು ಜಾತಿಗಳಲ್ಲಿ ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ಎಂಬ ಎರಡು ಊರುಗಳ ದರವನ್ನು ನೋಡದೆ ಬೆಳಗಿನ ಕಾಫಿ ಕುಡಿಯುವವರು ಕಡಿಮೆ. ಮಿನಾಸ್ ಜೆರೈಸ್ ಎಂಬ ಬ್ರೆಜಿಲ್‌ನ ಕಾಫಿ ರಾಜ್ಯದ ಹೆಸರನ್ನು ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರುಗಳು ಕೂಡ ಹೇಳಬಲ್ಲರು.

ಆದರೆ ನೀವು ಹೇಳಿದ ಕತ್ತಲೆ ಎಲ್ಲಿದೆ ಎಂದರೆ ವಿಯೆಟ್ನಾಂ ವಿಷಯದಲ್ಲಿದೆ. ರೊಬಸ್ಟಾದಲ್ಲಿ ಜಗತ್ತಿಗೇ ಮೊದಲ ಸ್ಥಾನ ಆ ದೇಶದ್ದು. ಅಲ್ಲಿನ ಮಧ್ಯ ಎತ್ತರ ಪ್ರದೇಶದ ಡಾಕ್ ಲಾಕ್ ಪ್ರಾಂತ್ಯ ಕಾಫಿಯ ನೆಲೆ, ಅದರ ಮುಖ್ಯ ಪಟ್ಟಣ ಬುವಾನ್ ಮಾ ಥುವೊಟ್. ಆ ಪಟ್ಟಣ ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮಡಿಕೇರಿ 12.4 ಡಿಗ್ರಿಯಲ್ಲಿದೆ. ಗೋಳದ ಮೇಲೆ ಮಡಿಕೇರಿಯಿಂದ ನೇರ ಪೂರ್ವಕ್ಕೆ ಬೆರಳು ಎಳೆದುಕೊಂಡು ಹೋದರೆ ಬಂಗಾಳ ಕೊಲ್ಲಿ, ಥಾಯ್ಲೆಂಡ್, ಕಾಂಬೋಡಿಯಾ ದಾಟಿ ನಮ್ಮ ಬೆಲೆಯನ್ನು ಕುಗ್ಗಿಸುವ ಅಥವಾ ಹಿಗ್ಗಿಸುವ ಊರಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಇದು ಬರಿಯ ಸೋಜಿಗದ ಸಂಗತಿಯಲ್ಲ. ಅಕ್ಷಾಂಶ ಒಂದೇ ಆಗಿ, ಮಳೆಯನ್ನೂ ಬೇಸಗೆಯ ಮಾರುತವೇ ತರುವುದರಿಂದ, ಅಲ್ಲಿಯೂ ಮಾರ್ಚ್-ಏಪ್ರಿಲ್ ಒಣ ತಿಂಗಳುಗಳು, ಅಲ್ಲಿಯೂ ವರ್ಷದ ಕೊನೆಗೆ ಕೊಯ್ಲು. ಅವರ ಹೊಸ ಮಾಲು ಮಾರುಕಟ್ಟೆಗೆ ಬರುವ ಹೊತ್ತಿಗೇ ನಮ್ಮ ಕಣದಲ್ಲಿಯೂ ಚೆರಿ, ಅಂದರೆ ಕಾಫಿ ಹಣ್ಣು, ಒಣಗುತ್ತಿರುತ್ತದೆ. 2024ರ ಬೇಸಗೆಯಲ್ಲಿ ಅಲ್ಲಿ ಬರ ಬಿದ್ದು ರೊಬಸ್ಟಾ ಹಿಂದೆಂದೂ ಕಾಣದ ಬೆಲೆಗೆ ಏರಿದಾಗ, ನಾವು ಇಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತ ಸ್ಪ್ರಿಂಕ್ಲರ್ ಹಾಕಿದ ತಿಂಗಳುಗಳಲ್ಲಿಯೇ ಅವರು ಬಾವಿ ಬತ್ತಿಸಿಕೊಂಡು ಕುಳಿತಿದ್ದರು ಎಂಬುದನ್ನು ಜೋಡಿಸಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಸೋಮವಾರಪೇಟೆಯ ಓದುಗ

ಸುಂಟಿಕೊಪ್ಪದವರು ಬರೆದಿರುವುದು ಓದಿಕೊಂಡ ಬೆಳೆಗಾರನ ಭೂಗೋಳ. ಎರಡು ಮೂರು ಎಕರೆಯವರ ಪರಿಸ್ಥಿತಿ ಬೇರೆ. "ಬ್ರೆಜಿಲ್‌ನಲ್ಲಿ ಹಿಮ ಬಿದ್ದಿದೆಯಂತೆ, ಕಾಫಿ ಕೊಡಬೇಡಿ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ, ಜುಲೈ ತಿಂಗಳಲ್ಲಿ ಹಿಮ ಹೇಗೆ ಬೀಳುತ್ತದೆ, ಇದು ಸುಳ್ಳು ಸುದ್ದಿ ಎಂದು ವಾದಿಸುವ ವಿದ್ಯಾವಂತರನ್ನು 2021ರಲ್ಲಿ ನಾನೇ ಕಂಡಿದ್ದೇನೆ. ಆ ಸುದ್ದಿ ನಿಜವಾಗಿತ್ತು. ಬ್ರೆಜಿಲ್‌ನ ಕಾಫಿ ಪ್ರದೇಶ ಸಮಭಾಜಕ ವೃತ್ತದಿಂದ ದಕ್ಷಿಣಕ್ಕಿದೆ, ನಮಗೆ ಆಟಿ ಮಳೆ ಸುರಿಯುವಾಗ ಅವರಿಗೆ ಚಳಿಗಾಲ ಎಂಬ ಐದನೇ ತರಗತಿಯ ಪಾಠ ಬೇಕಾದ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ, ಅಷ್ಟೆ. ಪಾಠವನ್ನು ಪರೀಕ್ಷೆಗೆಂದು ಓದಿದವರಿಗೆ ಅದು ತೋಟದಲ್ಲಿ ಉಪಯೋಗಕ್ಕೆ ಬರುವ ವಸ್ತು ಎಂದು ಯಾರೂ ಹೇಳಿರಲಿಲ್ಲ.

ಕರಿಮೆಣಸಿನ ವಿಷಯ ಇನ್ನೂ ಸ್ವಾರಸ್ಯವಾಗಿದೆ. ವಿಯೆಟ್ನಾಂನ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ನಮ್ಮ ದೇಶಕ್ಕೆ ಬರುತ್ತಿದೆ ಎಂಬ ದೂರು ವರ್ಷಗಟ್ಟಲೆ ಇತ್ತು. 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಿಂದ ಶ್ರೀಲಂಕಾದ ಮೆಣಸಿಗೆ ಸುಂಕದ ರಿಯಾಯಿತಿ ಇದ್ದುದೇ ಇದಕ್ಕೆ ಕಾರಣ. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆ.ಜಿ.ಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿ ಮಾಡಿತು. ಸಭೆಗಳಲ್ಲಿ ಎಲ್ಲರೂ ಶ್ರೀಲಂಕಾವನ್ನು ಬೈದರು. ಆದರೆ ಆ ದ್ವೀಪದ ವಿಸ್ತೀರ್ಣ 65,610 ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿಯೂ ದೊಡ್ಡ ಪಾಲು ಮೆಣಸಿಗೆ ಒಗ್ಗದ ಒಣ ಪ್ರದೇಶ ಎಂಬ ಸರಳ ಲೆಕ್ಕವನ್ನು ವೇದಿಕೆಯ ಮೇಲೆ ಇಟ್ಟವರನ್ನು ನಾನು ನೋಡಲಿಲ್ಲ. ಇಷ್ಟು ನೆಲದಿಂದ ಅಷ್ಟು ಮೆಣಸು ಬರುವುದು ಹೇಗೆ? ಭೂಗೋಳ ಬಲ್ಲವನು ಮೊದಲು ಕೇಳಬೇಕಾದ ಪ್ರಶ್ನೆಯೇ ಇದಾಗಿತ್ತು.

ಏಲಕ್ಕಿಯ ಕಥೆಯನ್ನು ಬಹಳ ಬೆಳೆಸುವುದಿಲ್ಲ. ನಮ್ಮ ಕಡೆಯ ಏಲಕ್ಕಿ ಮಲೆಗಳ ಆದಾಯವನ್ನು ಹೊಡೆದುಹಾಕಿದ ದೇಶಗಳಲ್ಲಿ ಗ್ವಾಟೆಮಾಲಾ ಮುಖ್ಯವಾದದ್ದು, ಅದರ ಹೆಸರು ಹಳೆಯ ತೋಟದ ಮನೆಗಳಲ್ಲಿ ಬೈಗುಳದಂತೆ ಬಳಕೆಯಲ್ಲಿದೆ. ಅದು ಯಾವ ಖಂಡದಲ್ಲಿದೆ ಎಂದು ಕೇಳಿ ನೋಡಿ; ಹೆಚ್ಚಿನವರು ಆಫ್ರಿಕಾ ಎನ್ನುತ್ತಾರೆ. ಮೆಕ್ಸಿಕೋದ ದಕ್ಷಿಣದ ಗಡಿಗೆ ಅಂಟಿಕೊಂಡಿರುವ ಮಧ್ಯ ಅಮೆರಿಕದ ದೇಶ ಅದು. ಆಫ್ರಿಕಾ ಎಂಬುದು ನಮ್ಮವರಿಗೆ ವಿಳಾಸ ತಿಳಿಯದ ಹೆಸರುಗಳನ್ನೆಲ್ಲ ತುಂಬಿಡುವ ಅಟ್ಟವಾಗಿಬಿಟ್ಟಿದೆ.

ನಾಪೋಕ್ಲು ಮೂಲ, ಈಗ ಶಾರ್ಜಾ

ಸೋಮವಾರಪೇಟೆಯ ಸಾಹೇಬರು ಹೇಳಿದ ಗ್ವಾಟೆಮಾಲಾದ ಏಲಕ್ಕಿಯ ಬಹುಪಾಲು ಬರುವುದು ನಾವಿರುವ ಅರಬ್ ದೇಶಗಳಿಗೆ. ಇಲ್ಲಿನವರು ಅತಿಥಿಗಳಿಗೆ ಕೊಡುವ ಗಹ್ವಾದಲ್ಲಿ ಕಾಫಿಯಷ್ಟೇ ಮುಖ್ಯವಾಗಿ ಏಲಕ್ಕಿ ಇರುತ್ತದೆ. ನಮ್ಮ ಊರಿನ ಎರಡು ಬೆಳೆಗಳು ಒಂದೇ ಲೋಟದಲ್ಲಿ ಸೇರುತ್ತವೆ, ಆದರೆ ಅನೇಕ ವೇಳೆ ಎರಡೂ ನಮ್ಮವಲ್ಲ.

ಕೊಲ್ಲಿ ರಾಷ್ಟ್ರಗಳ ಬಗ್ಗೆ ನಮ್ಮ ಊರಿನವರಿಗೆ ಇರುವ ತಿಳಿವಳಿಕೆಯನ್ನು ಹಗುರವಾಗಿ ಕಾಣಬಾರದು ಎಂದು ನನ್ನ ಅನಿಸಿಕೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ನಮ್ಮ ಉಮ್ಮಂದಿರಿಗೆ ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕುವೈತ್, ಕತಾರ್ ಎರಡೂವರೆ ಗಂಟೆ ಹಿಂದೆ ಎಂಬುದು ಗೊತ್ತು. ಯಾವ ಮಗನಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ಕೆಲಸ ಮುಗಿಸಿ ಬಂದಿರುತ್ತಾನೆ ಎಂಬ ಲೆಕ್ಕ ಬಾಯಿಯಲ್ಲೇ ಇರುತ್ತದೆ. ರೇಖಾಂಶ ಎಂಬ ಪದವನ್ನು ಕೇಳದೆಯೇ ಅವರು ರೇಖಾಂಶವನ್ನು ಬಳಸುತ್ತಿದ್ದಾರೆ. ಅದೇ ಜನ ದುಬೈಯನ್ನು ಒಂದು ದೇಶ ಎಂದೇ ತಿಳಿದಿದ್ದಾರೆ. ಏಳು ಎಮಿರೇಟುಗಳು ಕೂಡಿ ಆದ ದೇಶದಲ್ಲಿ ದುಬೈ ಒಂದು ಭಾಗ, ರಾಜಧಾನಿ ಅಬುಧಾಬಿ, ನಾನು ಇರುವ ಶಾರ್ಜಾ ಮತ್ತೊಂದು ಎಮಿರೇಟು ಎಂದು ಪ್ರತಿ ರಜೆಯಲ್ಲಿಯೂ ವಿವರಿಸುತ್ತೇನೆ, ಅವರು ತಲೆಯಾಡಿಸಿ, "ಹಾಗಾದರೆ ದುಬೈಗೆ ಯಾವಾಗ ವಾಪಸ್?" ಎನ್ನುತ್ತಾರೆ.

ದೂರದ ಕಲ್ಪನೆಯೂ ವಿಚಿತ್ರವಾಗಿದೆ. ವಿಮಾನದ ಟಿಕೆಟ್ಟು, ವೀಸಾ, ಬೇರೆ ನೋಟು ಇರುವ ಊರೆಲ್ಲ ದೂರ. ರೈಲಿನಲ್ಲಿ ಹೋಗಬಹುದಾದದ್ದೆಲ್ಲ ಹತ್ತಿರ. ಮಡಿಕೇರಿಯಿಂದ ನೇರ ಗೆರೆ ಎಳೆದು ಅಳೆದರೆ ಮಸ್ಕತ್ ಸುಮಾರು 2,200 ಕಿ.ಮೀ., ಶ್ರೀನಗರ ಸುಮಾರು 2,400 ಕಿ.ಮೀ. ದೂರ. ಕೊಲಂಬೊ ಮುಂಬೈಗಿಂತ ತುಸು ಹತ್ತಿರ. 2018ರಲ್ಲಿ ಕಣ್ಣೂರು ವಿಮಾನ ನಿಲ್ದಾಣ ಆರಂಭವಾದ ಮೇಲೆ ಮಾಕುಟ್ಟ ಘಾಟಿ ಇಳಿದು ಅಲ್ಲಿಂದ ಹೊರಡುವ ನಮ್ಮಂಥವರಿಗೆ ಈ ಹತ್ತಿರ ಇನ್ನೂ ಹತ್ತಿರವಾಗಿದೆ.

ನಮ್ಮ ಕತ್ತಲೆ ಎಲ್ಲಿದೆ ಎಂದರೆ ಯೆಮನ್‌ನಲ್ಲಿ. ಒಮಾನ್‌ನ ಪಕ್ಕದ ದೇಶ ಅದು, ಬಾಬಾ ಬುಡನ್ ಕಾಫಿ ಬೀಜ ತಂದರೆಂದು ಹೇಳುವ ಮೋಖಾ ಬಂದರು ಅಲ್ಲಿಯೇ ಇದೆ. 2023ರ ಕೊನೆಯಲ್ಲಿ ಅಲ್ಲಿನ ಹೂಥಿ ಬಂಡುಕೋರರು ಕೆಂಪು ಸಮುದ್ರದ ಹಡಗುಗಳ ಮೇಲೆ ದಾಳಿ ಆರಂಭಿಸಿದಾಗ, ಸೂಯೆಜ್ ಕಾಲುವೆಯ ದಾರಿ ಬಿಟ್ಟು ಹಡಗುಗಳು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರವನ್ನು ಸುತ್ತಬೇಕಾಯಿತು. ಇಟಲಿಗೆ ಹೋಗುವ ನಮ್ಮ ಕಾಫಿಯೂ ಅದೇ ದಾರಿಯದು. ಸಾಗಣೆ ವೆಚ್ಚ ಏರಿತೆಂದು ಊರಿನಲ್ಲಿ ಎಲ್ಲರೂ ಹೇಳಿದರು. ಏರಿದ್ದು ಏಕೆಂದು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದವರನ್ನು ನಾನು ಕಾಣೆ.

ಹಾಕಿ ಅಭಿಮಾನಿ, ಅಮ್ಮತ್ತಿ

ಒಂದೇ ಮಾತು ಸೇರಿಸುತ್ತೇನೆ. ನೆದರ್ಲೆಂಡ್ಸ್ ಎಲ್ಲಿದೆ ಎಂಬುದನ್ನು ನಮ್ಮ ತಂದೆಯವರ ಕಾಲದವರು ಹಾಕಿಯಿಂದ ಕಲಿತರು. 1973ರ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಎಂ.ಪಿ. ಗಣೇಶ್ ಅವರ ನಾಯಕತ್ವದ ತಂಡ ಆ ದೇಶದ ಆಮ್‌ಸ್ಟೆಲ್‌ವೇನ್‌ನಲ್ಲಿ ಸೋತದ್ದರಿಂದ ಆ ಊರಿನ ಹೆಸರು ಇಲ್ಲಿನ ಮನೆಗಳಲ್ಲಿ ಉಳಿಯಿತು, 1975ರಲ್ಲಿ ಗೆದ್ದದ್ದರಿಂದ ಕ್ವಾಲಾಲಂಪುರ ಉಳಿಯಿತು. ಹಾಕಿ ಆಡದ ದೇಶಗಳ ವಿಷಯದಲ್ಲಿ ಮಾತ್ರ ಟೀಚರ್ ಹೇಳಿದ್ದೇ ಸರಿ.

ವಿದ್ಯಾರ್ಥಿನಿ, ಪೊನ್ನಂಪೇಟೆ

ಹಿರಿಯರೆಲ್ಲರೂ ಬೆಲೆ, ದುಡಿಮೆಗಳಿಂದ ಕಲಿತ ಭೂಗೋಳದ ಬಗ್ಗೆ ಬರೆದಿದ್ದೀರಿ. ನಮ್ಮ ವಯಸ್ಸಿನವರ ಸ್ಥಿತಿ ಬೇರೆ ತೆರನಾದದ್ದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ದೇಶ, ರಾಜಧಾನಿ, ನಾಣ್ಯಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ದೇಶದ ಆಕಾರ ನೋಡಿ ಹೆಸರು ಹೇಳುವ ಆಟಗಳನ್ನು ಮೊಬೈಲ್‌ನಲ್ಲಿ ಆಡುವವರೂ ಇದ್ದಾರೆ. ಬುರ್ಕಿನಾ ಫಾಸೋದ ರಾಜಧಾನಿ ವಾಗಡುಗು ಎಂದು ಥಟ್ಟನೆ ಹೇಳುವ ಗೆಳತಿಗೆ ಅಲ್ಲಿ ಯಾವ ಬೆಳೆ ಬೆಳೆಯುತ್ತದೆ ಎಂಬ ಕಲ್ಪನೆ ಇಲ್ಲ. ಅದೂ ಸುಮಾರು ನಮ್ಮದೇ ಅಕ್ಷಾಂಶದ ನಗರ, ಆದರೆ ನಮ್ಮ ಮಳೆ ಅಲ್ಲಿಲ್ಲ ಎಂದು ಹೇಳಿದಾಗ ಅವಳು ನನ್ನ ಮುಖ ನೋಡಿದಳು.

ಇನ್ನೊಂದು ವಿಷಯ: ನಾವೆಲ್ಲ ನೋಡಿ ಬೆಳೆದ ಗೋಡೆಯ ನಕ್ಷೆಯೇ ನಮ್ಮನ್ನು ದಾರಿ ತಪ್ಪಿಸಿದೆ. ಹಲವು ಕಡೆ ಕಾಣುವುದು ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ರೂಪಿಸಿದ ಪ್ರಕ್ಷೇಪ, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವ ವಿಧಾನ. ನಾವಿಕರಿಗೆ ದಿಕ್ಕು ತಪ್ಪಬಾರದೆಂದು ಮಾಡಿದ ಆ ನಕ್ಷೆಯಲ್ಲಿ ಧ್ರುವಗಳ ಕಡೆಗೆ ಹೋದಷ್ಟೂ ನೆಲ ಹಿಗ್ಗುತ್ತದೆ. ಗ್ರೀನ್‌ಲೆಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ಆದರೆ ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು. ನಮ್ಮ ಭಾರತವೇ ಗ್ರೀನ್‌ಲೆಂಡ್‌ಗಿಂತ ಒಂದೂವರೆ ಪಟ್ಟು ದೊಡ್ಡದು ಎಂದರೆ ನಂಬುವವರು ಕಡಿಮೆ. ನಮ್ಮ ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. ಯೂರೋಪಿನ ಲಕ್ಸೆಂಬರ್ಗ್ 2,586 ಚದರ ಕಿ.ಮೀ. "ನಮ್ಮದು ಚಿಕ್ಕ ಜಿಲ್ಲೆ" ಎಂದು ಅಭ್ಯಾಸಬಲದಿಂದ ಹೇಳುವ ನಮಗೆ, ನಾವು ಒಂದು ಸ್ವತಂತ್ರ ದೇಶಕ್ಕಿಂತ ದೊಡ್ಡ ನೆಲದ ಮೇಲೆ ಕುಳಿತಿದ್ದೇವೆ ಎಂಬುದನ್ನು ಯಾವ ನಕ್ಷೆಯೂ ತೋರಿಸಿಕೊಡಲಿಲ್ಲ.

ಮೊಬೈಲ್‌ನ ನಕ್ಷೆಯಿಂದ ಉಪಕಾರವಾಗಿದೆ ಎನ್ನುವವರಿಗೆ ಒಂದು ಆಕ್ಷೇಪ ಹೇಳಬೇಕು. ಅದರಲ್ಲಿ ನೀಲಿ ಚುಕ್ಕಿಯಾಗಿ ನಾನು ಯಾವಾಗಲೂ ನಡುವೆ ಇರುತ್ತೇನೆ. ಊರು ನನ್ನ ಸುತ್ತ ತಿರುಗುತ್ತದೆ. ಗೋಣಿಕೊಪ್ಪಲಿನಿಂದ ಕುಟ್ಟ ಯಾವ ದಿಕ್ಕಿಗಿದೆ ಎಂದು ಕೇಳಿದರೆ "ಎಡಕ್ಕೆ ತಿರುಗಿ" ಎನ್ನುವವರು ಹೆಚ್ಚಾಗಿದ್ದಾರೆ.

ಮಾಜಿ ಸೈನಿಕ, ಗೋಣಿಕೊಪ್ಪಲು

ಮಗಳೇ, ನೀನು ಬರೆದ ಕೊನೆಯ ಮಾತು ನೂರಕ್ಕೆ ನೂರು ನಿಜ. ಸೈನ್ಯದಲ್ಲಿ ನಮಗೆ ಮೊದಲು ಕಲಿಸಿದ ವಿದ್ಯೆಗಳಲ್ಲಿ ನಕ್ಷೆ ಓದುವುದೂ ಒಂದು. ನಕ್ಷೆಯನ್ನು ಉತ್ತರಕ್ಕೆ ಹೊಂದಿಸಿ ಹಿಡಿಯದೆ ಬಾಯಿ ತೆರೆದರೆ ಉಸ್ತಾದರ ಬೈಗುಳ ಬೀಳುತ್ತಿತ್ತು. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಒತ್ತೊತ್ತಾಗಿದ್ದರೆ ಏರು ಕಡಿದು, ಬಿಡಿಬಿಡಿಯಾಗಿದ್ದರೆ ಇಳಿಜಾರು ಸಲೀಸು ಎಂಬುದನ್ನು ಬೆನ್ನಿನ ಮೇಲಿನ ಭಾರವೇ ಕಲಿಸಿತು. ಆದ್ದರಿಂದ ನಿವೃತ್ತ ಸೈನಿಕರ ಮನೆಗಳಲ್ಲಿ ದಿಕ್ಕಿನ ಪ್ರಜ್ಞೆ ಸ್ವಲ್ಪ ಹೆಚ್ಚು ಎಂದರೆ ಸ್ವಪ್ರಶಂಸೆ ಎಂದು ತಿಳಿಯಬಾರದು.

ಹಾಗೆಂದು ನಮ್ಮ ತಿಳಿವಳಿಕೆಯೂ ಪೂರ್ಣವಲ್ಲ. ಜನರಲ್ ತಿಮ್ಮಯ್ಯನವರ ಹೆಸರು ಗೊತ್ತಿಲ್ಲದ ಮನೆ ಕೊಡಗಿನಲ್ಲಿಲ್ಲ. ಕೊರಿಯಾ ಯುದ್ಧದ ಕೈದಿಗಳ ವಿಷಯವನ್ನು ಇತ್ಯರ್ಥಪಡಿಸಲು 1953ರಲ್ಲಿ ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರಾಗಿದ್ದರು. 1964ರಲ್ಲಿ ಸೈಪ್ರಸ್‌ನಲ್ಲಿದ್ದ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾಗಿ ಹೋಗಿ, 1965ರ ಡಿಸೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆ ಚೀಟಿ ಹೊರತಂದಿತು. ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ ಸನ್ನಿ ಸೈಡ್ ಮನೆ ಈಗ ಸಂಗ್ರಹಾಲಯವಾಗಿದೆ. ಅದನ್ನು ನೋಡಿ ಹೊರಬರುವವರನ್ನು ನಿಲ್ಲಿಸಿ ಸೈಪ್ರಸ್ ಎಲ್ಲಿದೆ ಎಂದು ಕೇಳಿ. ಟರ್ಕಿಯ ದಕ್ಷಿಣಕ್ಕೆ, ಮೆಡಿಟರೇನಿಯನ್ ಸಮುದ್ರದ ಪೂರ್ವದ ಮೂಲೆಯಲ್ಲಿ, ನಮ್ಮ ಜಿಲ್ಲೆಯ ಎರಡರಷ್ಟಕ್ಕಿಂತ ತುಸು ದೊಡ್ಡದಾದ ದ್ವೀಪ. ಗ್ರೀಕ್ ಮಾತಾಡುವವರೂ ತುರ್ಕಿ ಮಾತಾಡುವವರೂ ಆ ಸಣ್ಣ ಜಾಗದಲ್ಲಿ ಒತ್ತರಿಸಿಕೊಂಡು ಇದ್ದುದರಿಂದಲೇ ಅಲ್ಲಿಗೆ ಶಾಂತಿಪಾಲನಾ ಪಡೆ ಬೇಕಾಯಿತು. ಸ್ಥಳ ತಿಳಿಯದೆ ಅವರ ಕೆಲಸದ ಕಷ್ಟ ತಿಳಿಯುವುದು ಹೇಗೆ?

ಟೀಚರ್ ಕೇಳಿದ ನಷ್ಟದ ಪ್ರಶ್ನೆಗೆ ಒಂದು ಉತ್ತರ ನನ್ನಲ್ಲಿದೆ. 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ವಶಪಡಿಸಿಕೊಂಡಾಗ ಅಮೆರಿಕದ ಮೂವರು ರಾಜ್ಯಶಾಸ್ತ್ರಜ್ಞರು ತಮ್ಮ ದೇಶದ 2,066 ಮಂದಿಗೆ ನಕ್ಷೆ ಕೊಟ್ಟು ಉಕ್ರೇನ್ ಎಲ್ಲಿದೆ ಎಂದು ಗುರುತಿಸಲು ಹೇಳಿದರು. ಆರರಲ್ಲಿ ಒಬ್ಬರು ಮಾತ್ರ ಸರಿಯಾಗಿ ಗುರುತಿಸಿದರು. ಅದಕ್ಕಿಂತ ಮುಖ್ಯವಾದದ್ದು ಮುಂದಿನದು: ಗುರುತು ನಿಜವಾದ ಸ್ಥಳದಿಂದ ದೂರವಾದಷ್ಟೂ, ಅಲ್ಲಿಗೆ ಸೈನ್ಯ ಕಳಿಸಬೇಕು ಎನ್ನುವವರ ಪ್ರಮಾಣ ಹೆಚ್ಚಿತ್ತು. ನಮ್ಮಲ್ಲಿಯೂ ಟಿ.ವಿ. ಮುಂದೆ ಕುಳಿತು ಗಡಿ ದಾಟಿಸುವವರು ಇದ್ದಾರೆ. ಆ ಗಡಿಯ ಎತ್ತರವೆಷ್ಟು, ಅಲ್ಲಿ ಉಸಿರಾಡಲು ಗಾಳಿ ಎಷ್ಟಿದೆ ಎಂದು ನಾನು ಕೇಳಿದರೆ ಅವರು ಚಾನೆಲ್ ಬದಲಿಸುತ್ತಾರೆ.

ರೈಟರ್, ಸಿದ್ದಾಪುರ

ನಾನು ಹೊರದೇಶದ ವಿಷಯ ಹೇಳುತ್ತಿಲ್ಲ, ಆದರೂ ಇದು ಇದೇ ಚರ್ಚೆಗೆ ಸೇರಿದ್ದು ಎಂದು ಭಾವಿಸುತ್ತೇನೆ. ಈಗ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಇರುವವರಲ್ಲಿ ಬಹಳ ಮಂದಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯವರು. ನಾವು ಅವರೆಲ್ಲರನ್ನೂ "ಅಸ್ಸಾಂನವರು" ಎನ್ನುತ್ತೇವೆ. ಅವರು ಗುವಾಹಟಿಯಲ್ಲಿ ರೈಲು ಹತ್ತಿ, ಎಷ್ಟೋ ರಾಜ್ಯ ದಾಟಿ ಬೆಂಗಳೂರಿನಲ್ಲಿ ಇಳಿದು, ನಮ್ಮ ಜಿಲ್ಲೆಗೆ ರೈಲು ಇಲ್ಲದ ಕಾರಣ ಅಲ್ಲಿಂದ ಬಸ್ಸು ಹಿಡಿದು ಬರುತ್ತಾರೆ. ಶಾರ್ಜಾದ ಅಣ್ಣ ಕೊಟ್ಟ ಲೆಕ್ಕದ ಮಾದರಿಯಲ್ಲಿ ನಾನೂ ಅಳೆದು ನೋಡಿದೆ. ಮಡಿಕೇರಿಯಿಂದ ಗುವಾಹಟಿ ನೇರ ಗೆರೆಯಲ್ಲಿ 2,260 ಕಿ.ಮೀ. ಆಸುಪಾಸು. ಅಂದರೆ ನಮ್ಮ ಹುಡುಗರು ಮಸ್ಕತ್‌ಗೆ ಹೋದಷ್ಟೇ ದೂರದಿಂದ ಇವರು ಇಲ್ಲಿಗೆ ಬಂದಿದ್ದಾರೆ. ಅವರ ಪೈಕಿ ಚಹಾ ತೋಟಗಳ ಕುಟುಂಬದವರು ಕೆಲವರಿದ್ದಾರೆ. ಅವರ ಪೂರ್ವಜರನ್ನು ಬ್ರಿಟಿಷರ ಕಾಲದಲ್ಲಿ ಛೋಟಾ ನಾಗಪುರದ ಕಡೆಯಿಂದ ಅಸ್ಸಾಮಿಗೆ ಸಾಗಿಸಲಾಗಿತ್ತು. ಬ್ರಹ್ಮಪುತ್ರದ ನೆರೆ ಯಾವ ತಿಂಗಳು ಬರುತ್ತದೆ, ಅದರಿಂದ ಅವರು ಯಾವಾಗ ಊರಿಗೆ ಹೊರಡುತ್ತಾರೆ ಎಂಬುದು ನನಗೆ ಕೆಲಸದ ದೃಷ್ಟಿಯಿಂದಲೇ ಗೊತ್ತಿರಬೇಕಾಗಿದೆ.

ವ್ಯಾಪಾರಿ, ಕುಶಾಲನಗರ

ಬ್ರಹ್ಮಪುತ್ರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ಟಿಬೆಟಿನವರು ನೆಲೆಸಿದ್ದಾರೆ. ಅದು ಮೈಸೂರು ಜಿಲ್ಲೆಗೆ ಸೇರಿದ್ದಾದರೂ ಅವರ ಪೇಟೆ ಕುಶಾಲನಗರವೇ. ನಮ್ಮಲ್ಲಿಗೆ ಬರುವ ಪ್ರವಾಸಿಗಳು ಚಿನ್ನದ ದೇವಾಲಯದ ಮುಂದೆ ಫೋಟೋ ತೆಗೆಸಿಕೊಂಡು, ಇವರು ನೇಪಾಳದವರೋ ಚೀನಾದವರೋ ಎಂದು ನನ್ನನ್ನು ಕೇಳುತ್ತಾರೆ. ಸ್ಥಳೀಯರಿಗೆ ಅವರು ಟಿಬೆಟಿನವರು ಎಂದು ತಿಳಿದಿದೆ, ಆದರೆ ಟಿಬೆಟ್ ಎಂದರೆ ಹಿಮಾಲಯದ ಮೇಲಿನ ಒಂದು ಹಳ್ಳಿ ಎಂಬ ಭಾವನೆಯೇ ಹೆಚ್ಚು. ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ, ಮೆಕಾಂಗ್, ಯಾಂಗ್ಟ್ಸೆ ಇವೆಲ್ಲ ಹುಟ್ಟುವುದು ಆ ಪ್ರಸ್ಥಭೂಮಿಯಲ್ಲಿ. ಸುಂಟಿಕೊಪ್ಪದವರ ವಿಯೆಟ್ನಾಂನಲ್ಲಿ ಸಮುದ್ರ ಸೇರುವ ನದಿಯೂ ರೈಟರ್ ಹೇಳಿದ ಅಸ್ಸಾಮಿನ ನದಿಯೂ ನಮ್ಮ ಅಂಗಡಿಗೆ ಬರುವ ಮುದುಕರ ಊರಿನಿಂದ ಇಳಿದವು. ಕಾವೇರಿ ಹುಟ್ಟುವ ಜಿಲ್ಲೆಯವರಿಗೆ ನದಿಯ ತಲೆಯಲ್ಲಿ ಇರುವವರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೋಮವಾರಪೇಟೆಯ ಓದುಗ

ಎಲ್ಲರ ಬರಹವನ್ನೂ ಓದಿದ ಮೇಲೂ ನನ್ನ ಸಂಶಯ ಉಳಿದಿದೆ. ಇಲ್ಲಿ ಬರೆದವರೆಲ್ಲ ನಕ್ಷೆಯನ್ನು ಪ್ರೀತಿಸುವವರು. ಬೆಲೆ ಗೊತ್ತಾದರೆ ಸಾಕು, ಊರು ಎಲ್ಲಿದ್ದರೇನು ಎಂದು ಕೇಳುವ ಬೆಳೆಗಾರನಿಗೆ ನೀವು ಏನು ಹೇಳುತ್ತೀರಿ? ಉಗಾಂಡಾ ಆಫ್ರಿಕಾದ ಅತಿದೊಡ್ಡ ರೊಬಸ್ಟಾ ದೇಶ, ಇಟಲಿಯ ಮಾರುಕಟ್ಟೆಯಲ್ಲಿ ನಮಗೆ ಎದುರಾಳಿ. ಅದರ ಹೆಸರನ್ನೇ ಕೇಳದೆ ಈವರೆಗೆ ಎಲ್ಲರೂ ಕಾಫಿ ಮಾರಿದ್ದಾರೆ. ಒಂದು ದಿನವೂ ನಷ್ಟವಾಯಿತೆಂದು ಅನ್ನಿಸಿದವರಿಲ್ಲ.

ನಿವೃತ್ತ ಶಿಕ್ಷಕಿ, ವಿರಾಜಪೇಟೆ

ಅನ್ನಿಸದಿರುವುದಕ್ಕೂ ಆಗದಿರುವುದಕ್ಕೂ ವ್ಯತ್ಯಾಸವಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೂಮಳೆ ಕೈಕೊಟ್ಟದ್ದು ಕಣ್ಣಿಗೆ ಕಾಣುತ್ತದೆ, ತಿಳಿಯದೆ ಬೇಗ ಮಾರಿದ್ದು ಕಾಣುವುದಿಲ್ಲ.

ಶಾಲೆಯ ಪಾಲೂ ಇದರಲ್ಲಿದೆ. ಖಂಡಗಳ ಪಾಠ ಪ್ರಾಥಮಿಕ ತರಗತಿಗಳಲ್ಲಿಯೇ ಮುಗಿದುಹೋಗುತ್ತದೆ. ಎಸ್ಸೆಸ್ಸೆಲ್ಸಿಯ ನಕ್ಷೆ ಪ್ರಶ್ನೆ ಭಾರತದ ನಕ್ಷೆಯದು. ಅದಕ್ಕೂ ಮಕ್ಕಳು ಕೆಲವು ಬಂದರು, ಅಣೆಕಟ್ಟುಗಳ ಚುಕ್ಕಿಗಳನ್ನು ಅಂದಾಜಿನಲ್ಲಿ ಇಡುವುದನ್ನು ಕಲಿತು ಅಂಕ ಪಡೆಯುತ್ತಾರೆ. ಪಿಯುಸಿಯಲ್ಲಿ ವಿಜ್ಞಾನವನ್ನೋ ವಾಣಿಜ್ಯವನ್ನೋ ಹಿಡಿದವರಿಗೆ ಭೂಗೋಳ ಅಲ್ಲಿಗೆ ಸಮಾಪ್ತಿ. ಹದಿನೈದು ವರ್ಷ ವಯಸ್ಸಿನಲ್ಲಿ ಮುಗಿದ ವಿಷಯದ ಮೇಲೆ ಉಳಿದ ಅರುವತ್ತು ವರ್ಷ ಬದುಕಬೇಕೆಂದರೆ ಬಾಯಿಪಾಠ ಸಾಲುವುದಿಲ್ಲ. ಗಮನಿಸಿ: ಈ ಚರ್ಚೆಯಲ್ಲಿ ಚೆನ್ನಾಗಿ ಬಲ್ಲವರೆಲ್ಲ ತಮ್ಮ ಕೆಲಸದಿಂದ ಹೊರಟು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟವರು. ಮಸ್ಕತ್‌ನ ದೂರ ತಿಳಿದ ಮೇಲೆ ಗುವಾಹಟಿಯದನ್ನು ಅಳೆದರು, ಅಷ್ಟೇ ನಡೆದದ್ದು.

ಬೆಳೆಗಾರರಿಗೆ ಊರು ಎಲ್ಲಿದ್ದರೇನು ಎಂದಿರಲ್ಲ, ಆ ಪ್ರಶ್ನೆಯನ್ನು ಈಗ ಕೊಳ್ಳುವವರೇ ತಿರುಗಿಸಿ ಕೇಳುತ್ತಿದ್ದಾರೆ. ಯೂರೋಪಿನ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಯನ್ನು ಅಲ್ಲಿಗೆ ಸಾಗಿಸುವಂತಿಲ್ಲ. ಅದನ್ನು ಸಾಬೀತುಪಡಿಸಲು ಕಾಫಿ ಬೆಳೆದ ಪ್ರತಿಯೊಂದು ತುಂಡು ನೆಲದ ಅಕ್ಷಾಂಶ, ರೇಖಾಂಶಗಳನ್ನು ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯ ಸುತ್ತಲಿನ ಬಿಂದುಗಳನ್ನೆಲ್ಲ ಕೊಡಬೇಕು. ಜಾರಿಯ ದಿನಾಂಕವನ್ನು ಮುಂದೂಡಿದ್ದಾರೆ, ನಿಯಮವನ್ನು ಕೈಬಿಟ್ಟಿಲ್ಲ. ಅಂದರೆ ಭೂಗೋಳ ಬೇಡವೆಂದ ಎರಡು ಎಕರೆಯ ಬೆಳೆಗಾರನೂ ತಾನು ಭೂಗೋಳದ ಯಾವ ಬಿಂದುವಿನಲ್ಲಿ ನಿಂತಿದ್ದಾನೆ ಎಂದು ಬರೆದುಕೊಡಬೇಕಾದ ಕಾಲ ಬಂದಿದೆ.

ತೋಟಗಾರ, ಸುಂಟಿಕೊಪ್ಪ

ನಮ್ಮ ಕಡೆ ಈ ಕೆಲಸ ಆರಂಭವಾಗಿದೆ. ಮೊಬೈಲ್‌ನಲ್ಲಿ ಬರುವ ಅಂಕಿಗಳನ್ನು ಕಾಗದಕ್ಕೆ ಇಳಿಸುವಾಗ ಜನ ದಶಮಾಂಶದ ಮುಂದಿನದನ್ನು ಉದ್ದವೆಂದು ಬಿಟ್ಟುಬಿಡುತ್ತಾರೆ. 12.4, 75.7 ಎಂದು ಬರೆದರೆ ಸಾಲದೇ ಎಂದು ಕೇಳುತ್ತಾರೆ. ಇದನ್ನು ಸರಳವಾಗಿ ವಿವರಿಸುವುದು ಹೇಗೆ?

ವಿದ್ಯಾರ್ಥಿನಿ, ಪೊನ್ನಂಪೇಟೆ

ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. ದಶಮಾಂಶದ ನಂತರ ಒಂದೇ ಅಂಕಿ ಬರೆದರೆ ಸುಮಾರು 11 ಕಿ.ಮೀ. ಉದ್ದಗಲದ ನೆಲದಲ್ಲಿ ಎಲ್ಲೋ ಒಂದು ಕಡೆ ಎಂದಷ್ಟೇ ಹೇಳಿದಂತಾಗುತ್ತದೆ, ಸರ್. ಅಷ್ಟರಲ್ಲಿ ನಿಮ್ಮ ಊರಿನ ತೋಟಗಳೆಲ್ಲ ಅಡಗುತ್ತವೆ. ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರಿಗೆ ಬರುತ್ತದೆ, ಅಂದರೆ ಕಣದ ಯಾವ ಮೂಲೆ ಎಂಬುದು ತಿಳಿಯುತ್ತದೆ. ಯೂರೋಪಿನವರು ಆರು ಅಂಕಿ ಕೇಳುತ್ತಾರೆ, ಅದು ಒಂದು ಗೇಣಿಗಿಂತಲೂ ಕಡಿಮೆ. ಅಂಕಿಗಳನ್ನು ಬಿಡುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ ಎಂಬ ಕ್ರಮವನ್ನು ಹಿಂದುಮುಂದು ಮಾಡಬಾರದು. ಹಾಗೆ ಮಾಡಿದರೆ ನಿಮ್ಮ ರೊಬಸ್ಟಾ ತೋಟ 75.7 ಡಿಗ್ರಿ ಉತ್ತರದಲ್ಲಿ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನೈಋತ್ಯಕ್ಕೆ, ನಡುಸಮುದ್ರದಲ್ಲಿ ಇದೆ ಎಂದು ದಾಖಲಾಗುತ್ತದೆ. ಅಲ್ಲಿ ಅರಣ್ಯನಾಶ ಮಾಡಿದ್ದೀರೆಂದು ಯಾರೂ ಆರೋಪಿಸಲಾರರು, ಆದರೆ ಕಾಫಿಯನ್ನೂ ಯಾರೂ ಕೊಳ್ಳಲಾರರು.